ಗೇರುಗುಡ್ಡಕ್ಕೆ ಬಿಟ್ಟ ಮದ್ದು

ನಾವು ಹೈಸ್ಕೂಲಿನಲ್ಲಿದ್ದಾಗ ಪ್ರಬಂಧ ಸ್ಪರ್ಧೆಗೆ ಎರಡು ಮೂರು ವಿಷಯಗಳು ಖಾಯಂ ಇದ್ದವು. ಅವುಗಳಲ್ಲೊಂದು ‘ವಿಜ್ಞಾನ: ವರವೋ ಶಾಪವೋ?’ ಬರೆಯುವ ಕ್ರಮವೂ ಎಲ್ಲರಿಗೂ ಬಾಯಿಪಾಠ. ಮೊದಲ ಪುಟದಲ್ಲಿ ವಿದ್ಯುತ್ತು, ರೈಲು, ಪೆನಿಸಿಲಿನ್. ಎರಡನೆಯ ಪುಟದಲ್ಲಿ ಹಿರೋಶಿಮಾ, ಕಾರ್ಖಾನೆಯ ಹೊಗೆ, ಕೊಳೆತ ನದಿ. ಕೊನೆಯಲ್ಲಿ ಚಾಕುವಿನ ಉದಾಹರಣೆ ಬರಲೇಬೇಕು. ಚಾಕುವಿನಿಂದ ಹಣ್ಣನ್ನೂ ಕತ್ತರಿಸಬಹುದು, ಕೊರಳನ್ನೂ ಕೊಯ್ಯಬಹುದು. ತಪ್ಪು ಚಾಕುವಿನದ್ದಲ್ಲ, ಅದನ್ನು ಹಿಡಿದ ಕೈಯದ್ದು. ಇಷ್ಟನ್ನು ದುಂಡಗಿನ ಅಕ್ಷರದಲ್ಲಿ ಬರೆದವರಿಗೆ ಬಹುಮಾನ ಖಚಿತ. ನಮಗೂ ಒಂದು ವರ್ಷ ಸ್ಟೀಲಿನ ಲೋಟ ಸಿಕ್ಕಿತ್ತು.

ಶಾಲೆ ಬಿಟ್ಟು ಎಷ್ಟೋ ಕಾಲವಾದರೂ ಆ ಚಾಕು ನಮ್ಮನ್ನು ಬಿಟ್ಟಿಲ್ಲ. ಮಂತ್ರಿಗಳ ಭಾಷಣದಲ್ಲಿ, ವಿಚಾರ ಸಂಕಿರಣಗಳ ಸಮಾರೋಪದಲ್ಲಿ, ಟಿವಿ ಚರ್ಚೆಯ ಕೊನೆಯ ಎರಡು ನಿಮಿಷಗಳಲ್ಲಿ ಅದೇ ಮಾತು ಬೇರೆ ಬಟ್ಟೆ ತೊಟ್ಟು ಬರುತ್ತದೆ. ಅಭಿವೃದ್ಧಿಯೂ ಬೇಕು, ಪರಿಸರವೂ ಉಳಿಯಬೇಕು, ತಂತ್ರಜ್ಞಾನವನ್ನು ಸರಿಯಾಗಿ ಬಳಸಿದರೆ ಏನೂ ತೊಂದರೆಯಿಲ್ಲ ಎನ್ನುತ್ತಾರೆ. ಕೇಳಲು ಹಿತವಾದ ಮಾತು. ಯಾರನ್ನೂ ನೋಯಿಸದ ಮಾತು ಕೂಡಾ. ಆದರೆ ಇದು ನಿಜವೇ ಎಂದು ಒಮ್ಮೆ ಉಜ್ಜಿ ನೋಡಬೇಕೆಂದು ನಮಗನ್ನಿಸುತ್ತದೆ. ಇಂಥ ಪರೀಕ್ಷೆಗೆ ದೂರದ ಭೋಪಾಲಕ್ಕೋ ಚೆರ್ನೋಬಿಲ್‌ಗೋ ಹೋಗಬೇಕಾಗಿಲ್ಲ. ಮಂಗಳೂರಿನಿಂದ ಬಸ್ಸು ಹತ್ತಿ ತಲಪಾಡಿಯ ಗಡಿ ದಾಟಿದರೆ ಕಾಸರಗೋಡು. ಅದರ ಪೂರ್ವಕ್ಕೆ, ಕನ್ನಡ, ತುಳು, ಮಲಯಾಳ, ಮರಾಟಿ ಎಲ್ಲವನ್ನೂ ಒಂದೇ ಅಂಗಡಿಯ ಜಗಲಿಯಲ್ಲಿ ಕೇಳಬಹುದಾದ ಎಣ್ಮಕಜೆ ಎಂಬ ಪಂಚಾಯತು. ಅದರೊಳಗೆ ಪಡ್ರೆ, ವಾಣೀನಗರ, ಸ್ವರ್ಗ ಎಂಬ ಊರುಗಳು. ಸ್ವರ್ಗ ಎನ್ನುವುದು ನಾವಿಟ್ಟ ಹೆಸರಲ್ಲ, ಅಲ್ಲಿನ ಬಸ್ಸಿನ ಫಲಕದಲ್ಲೇ ಇರುವ ಹೆಸರು.

ಇಲ್ಲಿಯ ನೆಲದ ರಚನೆಯನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನ ಕಥೆ ತಾನಾಗಿ ಅರ್ಥವಾಗುತ್ತದೆ. ಮೇಲೆ ಮುರಕಲ್ಲಿನ ಬೋಳು ಗುಡ್ಡ. ಗುಡ್ಡದ ಬುಡದಲ್ಲಿ ಅಡಿಕೆ, ತೆಂಗು, ಬಾಳೆಯ ತೋಟ. ತೋಟದ ಅಂಚಿನಲ್ಲಿ ಮನೆ. ಮನೆಯ ಕೆಳಗೆ ತೋಡು. ಮಳೆಗಾಲದಲ್ಲಿ ಗುಡ್ಡದ ಮೇಲೆ ಬಿದ್ದ ನೀರು ಕಲ್ಲಿನ ಬಿರುಕುಗಳಲ್ಲಿ ಇಳಿದು ಬೇಸಿಗೆಯಲ್ಲಿ ಕೆಳಗೆ ಒಸರುತ್ತದೆ. ಆ ಒಸರನ್ನು ಹಿಡಿಯಲು ಇಲ್ಲಿಯ ಜನ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಒಬ್ಬ ಮನುಷ್ಯ ಹೋಗುವಷ್ಟು ಅಗಲದ ಸುರಂಗ ಕೊರೆಯುತ್ತಾರೆ. ಪಂಪು ಬೇಡ, ಕರೆಂಟು ಬೇಡ. ನೀರು ತಾನಾಗಿ ಹರಿದು ಮನೆಯ ಅಂಗಳದ ತೊಟ್ಟಿಗೆ ಬಂದು ಬೀಳುತ್ತದೆ. ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತದವರು ಕಂಡುಕೊಂಡ ತಂತ್ರಜ್ಞಾನವಿದು. ಗುಡ್ಡದ ತಲೆಯ ಮೇಲೆ ಏನು ಬಿದ್ದರೂ ಅದು ಒಂದಲ್ಲ ಒಂದು ದಿನ ಕೆಳಗಿನವರ ಕೊಡಕ್ಕೆ ಬರುತ್ತದೆ ಎಂಬುದು ಆ ಊರಿನ ಸಣ್ಣ ಮಕ್ಕಳಿಗೂ ಗೊತ್ತಿದ್ದ ಸಂಗತಿ.

ಗುಡ್ಡದ ತಲೆಯ ಮೇಲೆ ಬಂದದ್ದು ಗೇರು. ಬ್ರೆಜಿಲಿನ ಈ ಮರವನ್ನು ನಮ್ಮ ಕರಾವಳಿಗೆ ತಂದವರು ಪೋರ್ಚುಗೀಸರು, 16ನೇ ಶತಮಾನದಲ್ಲಿ. ನಾಲ್ಕು ನೂರು ವರ್ಷ ಅದು ಇಲ್ಲಿ ಯಾರ ಉಪಚಾರವೂ ಇಲ್ಲದೆ ಬೆಳೆಯಿತು. ಬೇರೇನೂ ಬೆಳೆಯದ ಕಲ್ಲುಗುಡ್ಡದಲ್ಲಿ ಅಲ್ಲೊಂದು ಇಲ್ಲೊಂದು ಮರ. ಬೇಸಿಗೆ ರಜೆಯಲ್ಲಿ ಮಕ್ಕಳು ಹೆಕ್ಕಿದ ಬೀಜ ಅಂಗಡಿಗೆ ಹೋಗಿ ಶಾಲೆಯ ಪುಸ್ತಕವಾಗುತ್ತಿತ್ತು. ಸ್ವಾತಂತ್ರ್ಯದ ನಂತರ ಇದರ ಅಂತಸ್ತು ಬದಲಾಯಿತು. ಗೇರುಬೀಜ ಡಾಲರ್ ತರುವ ಬೆಳೆಯೆಂದು ದಿಲ್ಲಿಗೆ ಗೊತ್ತಾಯಿತು. ಕೊಲ್ಲಂ ಮತ್ತು ಮಂಗಳೂರಿನ ಕಾರ್ಖಾನೆಗಳಲ್ಲಿ ಸಾವಿರಾರು ಹೆಂಗಸರು ಬೀಜ ಒಡೆಯುತ್ತಿದ್ದರು, ಆದರೆ ಒಡೆಯಲು ಬೇಕಾದ ಕಚ್ಚಾ ಬೀಜಕ್ಕಾಗಿ ಆಫ್ರಿಕದ ಹಡಗುಗಳನ್ನು ಕಾಯಬೇಕಾಗಿತ್ತು. ನಮ್ಮಲ್ಲೇ ಯಾಕೆ ಬೆಳೆಯಬಾರದು? ನ್ಯಾಯವಾದ ಪ್ರಶ್ನೆ. ಆ ದಿನಗಳಲ್ಲಿ ನಾವು ಅಧಿಕಾರಿಗಳಾಗಿದ್ದರೆ ನಾವೂ ಅದನ್ನೇ ಕೇಳುತ್ತಿದ್ದೆವು.

ಹಾಗೆ 1960ರ ದಶಕದಲ್ಲಿ ಕೇರಳದ ಕೃಷಿ ಇಲಾಖೆ ಕಾಸರಗೋಡಿನ ಗುಡ್ಡಗಳಲ್ಲಿ ನೆಟ್ಟ ಗೇರುತೋಟ 1978ರಲ್ಲಿ ಸರಕಾರದ್ದೇ ಆದ ಕೇರಳ ತೋಟ ನಿಗಮದ ಕೈಗೆ ಬಂತು. ವಿಸ್ತೀರ್ಣ ಸುಮಾರು 4,600 ಹೆಕ್ಟೇರ್. ಅಲ್ಲೊಂದು ಇಲ್ಲೊಂದು ಇದ್ದ ಮರ ಗುಡ್ಡ ತುಂಬಾ ಒಂದೇ ಜಾತಿಯಾಗಿ ನಿಂತಿತು. ಒಂದೇ ಊಟವನ್ನು ಎಕರೆಗಟ್ಟಲೆ ಬಡಿಸಿಟ್ಟರೆ ಉಣ್ಣುವವರು ಬಾರದಿರುತ್ತಾರೆಯೇ? ಬಂದದ್ದು ಟೀ ಸೊಳ್ಳೆ ಎಂಬ ಕೀಟ. ಹೆಸರಿಗೆ ಸೊಳ್ಳೆ, ಜಾತಿಯಲ್ಲಿ ತಿಗಣೆಯ ಬಳಗ. ಚಿಗುರಿನ, ಹೂವಿನ ರಸ ಹೀರಿ ಕರಟಿಸುತ್ತದೆ. ಗೇರುಮರದಲ್ಲಿ ಎಲೆ ಹೆಣೆದು ಗೂಡು ಕಟ್ಟುವ ಚಗಳಿ ಇರುವೆ ಈ ಕೀಟದ ವೈರಿ. ಬೀಜ ಕೊಯ್ಯಲು ಹೋದವರ ಕುತ್ತಿಗೆಗೆ ಬಿದ್ದು ಕಚ್ಚುವ, ಎಲ್ಲರೂ ಶಪಿಸುವ ಚಗಳಿಯೇ. ಆದರೆ ಚಗಳಿಯನ್ನು ಟೆಂಡರ್ ಕರೆದು ಖರೀದಿಸಲಾಗುವುದಿಲ್ಲ. ಖರೀದಿಸಬಹುದಾದದ್ದು ಎಂಡೋಸಲ್ಫಾನ್. 1950ರ ದಶಕದಲ್ಲಿ ಜರ್ಮನಿಯ ಹೆಕ್ಸ್ಟ್ ಕಂಪೆನಿ ಹೊರತಂದ ಈ ಕ್ಲೋರಿನ್‌ಯುಕ್ತ ಕೀಟನಾಶಕವನ್ನು ಆಮೇಲೆ ಭಾರತದಲ್ಲೂ, ಕೇಂದ್ರ ಸರಕಾರದ ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್ ಸಂಸ್ಥೆಯ ಕೊಚ್ಚಿ ಬಳಿಯ ಕಾರ್ಖಾನೆಯಲ್ಲೂ ತಯಾರಿಸಲಾಗುತ್ತಿತ್ತು. ಗುಡ್ಡ ವಿಶಾಲವಾಗಿದ್ದುದರಿಂದ ಕೈಪಂಪು ಸಾಲದೆಂದು ಹೆಲಿಕಾಪ್ಟರ್ ಬಂತು. 1970ರ ದಶಕದ ಕೊನೆಯಿಂದ 2000ದ ತನಕ, ವರ್ಷಕ್ಕೆ ಎರಡು ಮೂರು ಸಲ, ಚಿಗುರುವ ಮತ್ತು ಹೂ ಬಿಡುವ ಸಮಯ ನೋಡಿ, ಅದು ಹಾರಿತು. ಹೆಲಿಕಾಪ್ಟರ್ ನೋಡಲೆಂದು ಮಕ್ಕಳು ಗುಡ್ಡಕ್ಕೆ ಓಡುತ್ತಿದ್ದುದನ್ನು ಅಲ್ಲಿಯ ಹಿರಿಯರು ಈಗಲೂ ನೆನೆಸಿಕೊಳ್ಳುತ್ತಾರೆ.

ಇಲ್ಲಿ ನಮ್ಮ ಪ್ರಬಂಧದ ಚಾಕುವನ್ನು ಎದುರಿಗಿಟ್ಟು ನೋಡೋಣ. ಹಿಡಿದ ಕೈ ಯಾರದು? ಯಾವ ದುಷ್ಟನದೂ ಅಲ್ಲ. ಚುನಾಯಿತ ಸರಕಾರದ ನಿಗಮ, ನೋಂದಾಯಿತ ರಾಸಾಯನಿಕ, ಕೃಷಿ ತಜ್ಞರ ಶಿಫಾರಸು, ಟೆಂಡರ್, ಲೆಕ್ಕ ಪರಿಶೋಧನೆ ಎಲ್ಲವೂ ಇತ್ತು. ಎಂಡೋಸಲ್ಫಾನನ್ನು ಯಾರೂ ‘ದುರುಪಯೋಗ’ ಪಡಿಸಿಕೊಳ್ಳಲಿಲ್ಲ. ಅದು ಯಾವುದಕ್ಕೆಂದು ತಯಾರಾಯಿತೋ ಅದಕ್ಕೇ ಬಳಕೆಯಾಯಿತು. ನಿಯಮ ಪಾಲಿಸಿದ್ದರೆ ಏನೂ ಆಗುತ್ತಿರಲಿಲ್ಲ ಎಂಬ ಸಮಜಾಯಿಷಿ ಆಮೇಲೆ ಬಂತು. ಆ ನಿಯಮಗಳನ್ನೂ ನೋಡಬೇಕು. ಮರದ ತುದಿಯಿಂದ ಎರಡು ಮೂರು ಮೀಟರ್ ಎತ್ತರದಲ್ಲಿ ಮಾತ್ರ ಹಾರಬೇಕು. ಏರು ತಗ್ಗಿನ ಗುಡ್ಡಗಳ ಮೇಲೆ ಹಾಗೆ ಹಾರುವುದು ಸಾಧ್ಯವೇ? ಊರವರಿಗೆ ಮುನ್ಸೂಚನೆ ಕೊಡಬೇಕು, ಬಾವಿ ಮುಚ್ಚಿಸಬೇಕು. ಬಾವಿಯನ್ನೇನೋ ಓಲೆ ಹಾಸಿ ಮುಚ್ಚಬಹುದು. ಸುರಂಗವನ್ನು ಮುಚ್ಚುವುದು ಹೇಗೆ? ತೋಡಿಗೆ ಮುಚ್ಚಳ ಎಲ್ಲಿ ಸಿಗುತ್ತದೆ? ಆ ನಿಯಮ ಬರೆದವರ ಕಣ್ಣಮುಂದೆ ಪಡ್ರೆಯಂಥ ಒಂದು ಊರು ಇರಲೇ ಇಲ್ಲ. ಸಮತಟ್ಟಾದ, ಮನೆಗಳಿಲ್ಲದ, ನೀರು ಹರಿಯದ ಯಾವುದೋ ಕಾಗದದ ಊರಿತ್ತು. ತಂತ್ರಜ್ಞಾನ ಬರುವಾಗ ತಾನು ಹುಟ್ಟಿದ ನೆಲದ ಕಲ್ಪನೆಯನ್ನೂ ಜೊತೆಗೆ ಹೊತ್ತು ತರುತ್ತದೆ. ಚಾಕುವಿನ ಉದಾಹರಣೆಯಲ್ಲಿ ಇದಕ್ಕೆ ಜಾಗವಿಲ್ಲ.

ಇನ್ನೊಂದು ಮಾತನ್ನು ನಾವು ಬಹಳ ಕಾಲ ಗಮನಿಸಿರಲಿಲ್ಲ. ಇಡೀ ಕನ್ನಡ ನಾಡಿನಲ್ಲಿ ರೈತರು ಕೀಟನಾಶಕವನ್ನು ಕೀಟನಾಶಕ ಎನ್ನುವುದಿಲ್ಲ. ಬಯಲುಸೀಮೆಯವರು ‘ಔಷಧಿ ಹೊಡೆಯುವುದು’ ಎನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ‘ಮದ್ದು ಬಿಡುವುದು’. ಇದಕ್ಕೆ ಒಂದು ಹಿನ್ನೆಲೆಯಿದೆ. ಅಡಿಕೆಯ ಕೊಳೆರೋಗಕ್ಕೆ ಮಲೆನಾಡಿನವರು ಹಿಂದೆ ಗೊನೆಗೆ ಹುಲ್ಲಿನ ಕೊಟ್ಟೆ ಕಟ್ಟುತ್ತಿದ್ದರು. 1910ರ ಆಸುಪಾಸಿನಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಭಾಗದಲ್ಲಿದ್ದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ರೋಗ ಬಂದ ಗೊನೆಗೆ ಅದು ನಿಜವಾಗಿಯೂ ಮದ್ದೇ. ಮಳೆಗಾಲದಲ್ಲಿ ಎರಡು ಮೂರು ಸಲ ಮದ್ದು ಬಿಡುವುದೆಂದರೆ ನಮ್ಮ ತೋಟದ ಮನೆಗಳಲ್ಲಿ ಒಂದು ಸಣ್ಣ ಗಡಿಬಿಡಿಯ ಹಬ್ಬ. ಬ್ಯಾರೆಲ್, ಪಂಪು, ಮರ ಏರುವವರಿಗೆ ಹತ್ತು ಗಂಟೆಯ ಚಹಾ, ಮಳೆ ಬಾರದಿರಲೆಂಬ ಹಾರೈಕೆ. ಆ ಒಳ್ಳೆಯ ಹೆಸರನ್ನು ಆಮೇಲೆ ಬಂದ ಪ್ರತಿಯೊಂದು ಡಬ್ಬಿಯೂ ಬಿಟ್ಟಿಯಾಗಿ ಪಡೆಯಿತು. ಡಿಡಿಟಿ ಮದ್ದು, ಬಿಎಚ್‌ಸಿ ಮದ್ದು, ಎಂಡೋಸಲ್ಫಾನ್ ಕೂಡಾ ಮದ್ದು.

ನಮ್ಮ ಭಾಷೆಯಲ್ಲಿ ಮದ್ದು ಎಂಬ ಪದ ಅಷ್ಟೇನೂ ಮುಗ್ಧವಲ್ಲ. ಕೋವಿಗೆ ತುಂಬುವುದೂ ಮದ್ದೇ. ಆಗದವರು ಊಟದಲ್ಲಿ ‘ಮದ್ದು ಹಾಕಿದರು’ ಎನ್ನುವಾಗ ಅರ್ಥ ಬೇರೆ. ಹಿಂದಿನವರಿಗೆ ಗುಣಪಡಿಸುವುದಕ್ಕೂ ಕೊಲ್ಲುವುದಕ್ಕೂ ಇರುವ ಅಂತರ ಪ್ರಮಾಣದ್ದೆಂದು ಗೊತ್ತಿತ್ತೇನೋ. ಆದರೆ ಅಂಗಡಿಯವನು ಡಬ್ಬಿ ಕೊಡುವಾಗ ಒಂದೇ ಅರ್ಥ ಉಳಿಯುತ್ತದೆ. ಮದ್ದಿಗೆ ಯಾರು ಹೆದರುತ್ತಾರೆ? ಅಕ್ಕಿಯ ಪಕ್ಕದಲ್ಲಿಡಬಹುದು, ಖಾಲಿಯಾದ ಡಬ್ಬಿ ತೊಳೆದು ಸೀಮೆಎಣ್ಣೆ ತುಂಬಬಹುದು, ಬರಿಗೈಯಲ್ಲಿ ಕಲಸಬಹುದು. ಇವೆಲ್ಲವನ್ನೂ ನಾವು ಕಂಡಿದ್ದೇವೆ, ನಮ್ಮ ಮನೆಯಲ್ಲೇ ಕಂಡಿದ್ದೇವೆ. ಪತ್ರಿಕೆಯಲ್ಲಿ ಸಾಲಗಾರ ರೈತನ ಸಾವಿನ ಸುದ್ದಿ ಬರುವ ದಿನ ಮಾತ್ರ ಅದೇ ಡಬ್ಬಿಗೆ ‘ವಿಷ’ ಎಂಬ ಹೆಸರು ಸಿಗುತ್ತದೆ. ಅಮೆರಿಕದ ರೇಚಲ್ ಕಾರ್ಸನ್ 1962ರಲ್ಲಿ ಪ್ರಕಟಿಸಿದ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕದಲ್ಲಿ ಇವುಗಳನ್ನು ಕೀಟನಾಶಕ ಎನ್ನುವುದೇ ತಪ್ಪು, ಜೀವನಾಶಕ ಎನ್ನಬೇಕು ಎಂದು ವಾದಿಸಿದ್ದರು. ಅವರಿಗೆ ಕೀಟನಾಶಕ ಎಂಬ ಪದವೇ ಮೆದುವಾಗಿ ಕಂಡಿತ್ತು. ನಾವು ಅದಕ್ಕಿಂತ ನಾಲ್ಕು ಹೆಜ್ಜೆ ಮುಂದೆ ಹೋಗಿ ಔಷಧಿ ಎಂದೆವು. ವಿಸ್ತರಣಾಧಿಕಾರಿಗಳು, ಆಕಾಶವಾಣಿಯ ಕೃಷಿರಂಗ, ಕೃಷಿ ಪುಟಗಳು ಕೂಡಾ ಅದನ್ನು ತಿದ್ದಲಿಲ್ಲ. ‘ಸಸ್ಯ ಸಂರಕ್ಷಣಾ ಔಷಧಿ’ ಎಂದು ಇನ್ನಷ್ಟು ಗೌರವದಿಂದ ಬರೆದವು.

ಪಡ್ರೆಯಲ್ಲಿ ಈ ಮದ್ದಿನ ಮೇಲೆ ಮೊದಲ ಸಂಶಯ ಬಂದದ್ದು ಆಸ್ಪತ್ರೆಯಿಂದಲ್ಲ, ಹಟ್ಟಿಯಿಂದ. ಕಾಲು ತಿರುಚಿದ ಕರುಗಳು ಹುಟ್ಟತೊಡಗಿದವು. ಜೇನುಗೂಡುಗಳು ಖಾಲಿಯಾದವು, ತೋಡಿನ ಮೀನುಗಳು ತೇಲಿದವು. ಅದೇ ಊರಿನ ಪತ್ರಕರ್ತ, ಆಮೇಲೆ ‘ಅಡಿಕೆ ಪತ್ರಿಕೆ’ಯ ಮೂಲಕ ನಾಡಿಗೆಲ್ಲ ಪರಿಚಿತರಾದ ಶ್ರೀ ಪಡ್ರೆ 1980ರ ದಶಕದ ಆರಂಭದಲ್ಲೇ ಇದನ್ನು ಬರೆದರು. ಯಾರೂ ಕಿವಿಗೊಡಲಿಲ್ಲ. ಎರಡು ದಶಕ ಹೆಲಿಕಾಪ್ಟರ್ ಹಾರುತ್ತಲೇ ಇತ್ತು. ವಾಣೀನಗರದಲ್ಲಿ ವೈದ್ಯವೃತ್ತಿ ಮಾಡುತ್ತಿದ್ದ ಡಾ. ವೈ.ಎಸ್. ಮೋಹನಕುಮಾರ್ ತಮ್ಮ ಬಳಿಗೆ ಬರುವವರಲ್ಲಿ ನರಸಂಬಂಧಿ ಕಾಯಿಲೆ, ಬುದ್ಧಿಮಾಂದ್ಯ, ಹುಟ್ಟು ಅಂಗವೈಕಲ್ಯ, ಕ್ಯಾನ್ಸರ್ ಅಸಹಜವೆನಿಸುವಷ್ಟು ಇರುವುದನ್ನು ಗುರುತಿಸಿ 1990ರ ದಶಕದಲ್ಲಿ ವೈದ್ಯಕೀಯ ವಲಯದ ಗಮನ ಸೆಳೆಯಲು ಯತ್ನಿಸಿದರು. ಪೆರಿಯದಲ್ಲಿ ಕೃಷಿ ಇಲಾಖೆಯದ್ದೇ ಕಿರಿಯ ನೌಕರಳಾಗಿದ್ದ ಲೀಲಾಕುಮಾರಿ ಅಮ್ಮ, ತಮ್ಮ ಮನೆಯ ಸುತ್ತಲಿನ ಸಿಂಪಡಣೆಯ ವಿರುದ್ಧ 1998ರಲ್ಲಿ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಕೃಷಿ ಇಲಾಖೆಯ ನೌಕರಳು ಕೃಷಿಯ ‘ಔಷಧಿ’ಯ ವಿರುದ್ಧ ಕೋರ್ಟಿಗೆ ಹೋದದ್ದು. ಇಡೀ ಚರಿತ್ರೆಯಲ್ಲಿ ನಮ್ಮನ್ನು ತಡೆದು ನಿಲ್ಲಿಸುವ ವ್ಯಕ್ತಿ ಆಕೆಯೇ.

ಇಷ್ಟು ತಡವಾಗಲು ಇನ್ನೊಂದು ಕಾರಣವನ್ನು ನಾವು ಹೇಳಲೇಬೇಕು. 1956ರ ತನಕ ದಕ್ಷಿಣ ಕನ್ನಡಕ್ಕೇ ಸೇರಿದ್ದ ಕಾಸರಗೋಡು ಆಮೇಲೆ ಕೇರಳದ ಉತ್ತರದ ತುದಿಯಾಯಿತು. ರಾಜಧಾನಿ ದಕ್ಷಿಣದ ತುದಿಯಲ್ಲಿ. ಎಣ್ಮಕಜೆಯ ತಾಯಿ ತುಳುವಿನಲ್ಲಿ ಅಳುತ್ತಾಳೆ, ಕನ್ನಡದಲ್ಲಿ ಅರ್ಜಿ ಬರೆಸುತ್ತಾಳೆ, ಉತ್ತರ ಮಲಯಾಳದಲ್ಲಿ ಬರುತ್ತದೆ. ಮಂಗಳೂರಿನ ಪತ್ರಿಕೆಗಳಿಗೆ ಅದು ನೆರೆರಾಜ್ಯದ ಸುದ್ದಿ, ತಿರುವನಂತಪುರದ ಪತ್ರಿಕೆಗಳಿಗೆ ಅದು ಗಡಿನಾಡಿನ ಸುದ್ದಿ. ಅಭಿವೃದ್ಧಿಯ ತ್ಯಾಜ್ಯ ಸುರಿಯಲು ಜಾಗ ಹುಡುಕುವವರು ನಕ್ಷೆ ನೋಡಿಯೇ ಹುಡುಕುತ್ತಾರೆಂದು ನಾವು ಹೇಳುವುದಿಲ್ಲ. ಆದರೆ ಕೂಗು ಕೇಳಿಸದ ಮೂಲೆಗಳಲ್ಲಿ ತಪ್ಪುಗಳು ಹೆಚ್ಚು ಕಾಲ ಬಾಳುತ್ತವೆ.

2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ಮನುಷ್ಯರ ರಕ್ತದ ಮಾದರಿಗಳಲ್ಲಿ ಎಂಡೋಸಲ್ಫಾನ್ ಶೇಷವನ್ನು ಕಂಡಿತು. ತೋಟ ನಿಗಮ ಬೇರೊಂದು ಪ್ರಯೋಗಾಲಯದಿಂದ ಪರೀಕ್ಷೆ ಮಾಡಿಸಿತು, ಅವರಿಗೆ ತೊಂದರೆ ಕಾಣಲಿಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಶಾಲಾ ಮಕ್ಕಳನ್ನು ಸಿಂಪಡಣೆ ನಡೆಯದ ಮೀಂಜದ ಮಕ್ಕಳೊಂದಿಗೆ ಹೋಲಿಸಿ, ಪಡ್ರೆಯಲ್ಲಿ ಕಲಿಕೆಯ ತೊಂದರೆ, ಜನ್ಮಜಾತ ದೋಷ, ಗಂಡುಮಕ್ಕಳ ಬೆಳವಣಿಗೆಯಲ್ಲಿ ವಿಳಂಬ ಹೆಚ್ಚೆಂದು 2002ರಲ್ಲಿ ವರದಿ ಕೊಟ್ಟಿತು. ಮರುವರ್ಷವೇ ಕೇಂದ್ರ ನೇಮಿಸಿದ ಮತ್ತೊಂದು ಸಮಿತಿ ಎಂಡೋಸಲ್ಫಾನಿಗೂ ಈ ಕಾಯಿಲೆಗಳಿಗೂ ಸಂಬಂಧ ಸಾಬೀತಾಗಿಲ್ಲ ಎಂದಿತು. ಈ ವಾದ ಈಗಲೂ ಮುಗಿದಿಲ್ಲ. ಕಾರಣ ಎಂಡೋಸಲ್ಫಾನ್ ಅಲ್ಲವೆಂದು ಪ್ರಾಮಾಣಿಕವಾಗಿಯೇ ನಂಬುವ ಕೃಷಿ ವಿಜ್ಞಾನಿಗಳು ಕೇರಳದಲ್ಲಿದ್ದಾರೆ.

ಆ ಊರಿನಲ್ಲಿ ಹಾಸಿಗೆ ಹಿಡಿದ ಪ್ರತಿಯೊಬ್ಬರ ಕಾಯಿಲೆಗೂ ಇದೊಂದೇ ಕಾರಣವೆಂದು ನಾವೂ ಹೇಳಲಾರೆವು. ಒಂದು ಮಗುವಿನ ತಲೆ ಯಾಕೆ ಊದಿತು, ಇನ್ನೊಂದರ ಕಾಲು ಯಾಕೆ ಬಲಗುಂದಿತು ಎಂಬುದನ್ನು ಒಂದೊಂದಾಗಿ ತೋರಿಸುವುದು ಯಾವ ವಿಜ್ಞಾನಿಗೂ ಕಷ್ಟ. ನಮ್ಮ ತಕರಾರು ಬೇರೆ. ಸಾಬೀತು ಮಾಡುವ ಹೊರೆಯನ್ನು ಯಾರ ಹೆಗಲಿಗೆ ಹಾಕಿದೆವು? ಹೆಲಿಕಾಪ್ಟರ್ ಹಾರುವ ಮೊದಲು ‘ಈ ಗುಡ್ಡದ ನೀರು ಕುಡಿಯುವವರಿಗೆ ಇಪ್ಪತ್ತು ವರ್ಷ ಕಳೆದರೂ ಏನೂ ಆಗದೆಂದು ತೋರಿಸಿ’ ಎಂದು ನಿಗಮವನ್ನು ಯಾರಾದರೂ ಕೇಳಿದ್ದರೇ? ಮದ್ದು ಎಂಬ ಹೆಸರೇ ಅದಕ್ಕೆ ಸಾಕ್ಷಿಪತ್ರವಾಯಿತು. ಇತ್ತ ಮಗುವನ್ನು ಹೆಗಲಿಗೆ ಹಾಕಿಕೊಂಡು ಶಿಬಿರದಿಂದ ಶಿಬಿರಕ್ಕೆ ಅಲೆಯುವ ತಾಯಿ ಮಾತ್ರ ಪುರಾವೆ ತರಬೇಕು. ಮನೆಯಿಂದ ಗೇರುತೋಟಕ್ಕೆ ಎಷ್ಟು ದೂರ, ಮಗು ಹುಟ್ಟಿದ್ದು ಯಾವ ವರ್ಷ, ಯಾವ ಪಂಚಾಯತು. 2017ರ ಶಿಬಿರದಲ್ಲಿ ಮೊದಲು 1,905 ಮಂದಿಯನ್ನು ಗುರುತಿಸಿ, ಪಟ್ಟಿ ಅಂತಿಮವಾಗುವಾಗ 287ಕ್ಕೆ ಇಳಿಸಲಾಯಿತು. ಪ್ರತಿಭಟನೆಯ ನಂತರ ಮತ್ತೆ ಕೆಲವರನ್ನು ಸೇರಿಸಲಾಯಿತು. ರೋಗ ಏನು ಹಾಗೆ ಏರಿ ಇಳಿಯುತ್ತದೆಯೇ?

ನಿಷೇಧದ ಕಥೆಯನ್ನು ಚುಟುಕಾಗಿ ಮುಗಿಸೋಣ. 2000ದ ಕೊನೆಗೆ ಕಾಸರಗೋಡಿನ ಮೇಲೆ ಹೆಲಿಕಾಪ್ಟರ್ ಹಾರುವುದು ನಿಂತಿತು. 2005ರಲ್ಲಿ ಕೇರಳದಲ್ಲಿ ಬಳಕೆ ನಿಂತಿತು. ಕರ್ನಾಟಕ 2011ರ ಫೆಬ್ರವರಿಯಲ್ಲಿ ನಿಷೇಧಿಸಿತು, ಯಾಕೆಂದರೆ ಅಷ್ಟರಲ್ಲಿ ನಮ್ಮ ಕಡೆಯ ಗೇರುಗುಡ್ಡಗಳಲ್ಲೂ ಅದೇ ಕಥೆ ನಡೆದಿರುವುದು ಬೆಳಕಿಗೆ ಬಂದಿತ್ತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಗಳಲ್ಲಿ ನಮ್ಮದೇ ಗೇರು ಅಭಿವೃದ್ಧಿ ನಿಗಮ ಅದನ್ನೇ ಸಿಂಪಡಿಸಿತ್ತು. ಕೇರಳದವರನ್ನು ದೂರಿ ಸುಮ್ಮನಾಗುವ ಅವಕಾಶ ಕನ್ನಡಿಗರಿಗೆ ಇಲ್ಲ. 2011ರ ಏಪ್ರಿಲ್‌ನಲ್ಲಿ ಜಿನೀವಾದ ಸ್ಟಾಕ್‌ಹೋಮ್ ಒಪ್ಪಂದದ ಸಭೆ ಎಂಡೋಸಲ್ಫಾನನ್ನು ಜಾಗತಿಕ ನಿಷೇಧದ ಪಟ್ಟಿಗೆ ಸೇರಿಸಿತು. ಆ ತೀರ್ಮಾನಕ್ಕೆ ಅಡ್ಡ ನಿಂತವರಲ್ಲಿ ಭಾರತ ಪ್ರಮುಖ. ಆಗ ಜಗತ್ತಿನಲ್ಲಿ ಅತಿ ಹೆಚ್ಚು ಎಂಡೋಸಲ್ಫಾನ್ ತಯಾರಿಸುತ್ತಿದ್ದ ದೇಶ ನಮ್ಮದು. ಮೇ 13ರಂದು ಸುಪ್ರೀಂ ಕೋರ್ಟ್ ದೇಶಾದ್ಯಂತ ತಯಾರಿಕೆಗೂ ಮಾರಾಟಕ್ಕೂ ತಡೆ ಹಾಕಿತು.

ಪರಿಹಾರದ್ದು ಇನ್ನೊಂದು ಯಾತ್ರೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರ ಕೊನೆಗೆ ಮೊತ್ತ ಸೂಚಿಸಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. ಐದು ವರ್ಷ ಕಳೆದು 2022ರ ಮೇಯಲ್ಲಿ ಅದೇ ನ್ಯಾಯಾಲಯ ಲೆಕ್ಕ ಕೇಳಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟು ಮಂದಿಗೆ. ಆ ಎಂಟು ಮಂದಿ ಕೂಡಾ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದವರು. ಕೋರ್ಟು ಛೀಮಾರಿ ಹಾಕಿದ ಮೇಲೆ ಹಣ ಬಿಡುಗಡೆಯಾಯಿತು. ಈ ನಡುವೆ 2019ರ ಆರಂಭದಲ್ಲಿ ತಾಯಂದಿರು ಮಕ್ಕಳನ್ನು ಕರೆದುಕೊಂಡು ತಿರುವನಂತಪುರದ ಸೆಕ್ರೆಟರಿಯೆಟ್ ಎದುರು ಉಪವಾಸ ಕುಳಿತರು. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಕಟ್ಟಡ ಆಮೆಯ ಹಾದಿ ಹಿಡಿಯಿತು. ಜನ ಎಂದಿನಂತೆ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದರು. 2020ರ ಮಾರ್ಚ್ ಕೊನೆಗೆ ಕರ್ನಾಟಕ ತಲಪಾಡಿಯ ರಸ್ತೆಯನ್ನೇ ಮುಚ್ಚಿದಾಗ ಆ ದಾರಿಯೂ ತಪ್ಪಿ, ಕಾಸರಗೋಡಿನ ರೋಗಿಗಳು ಗಡಿಯಿಂದ ಹಿಂದಿರುಗಿ ಪ್ರಾಣಬಿಟ್ಟದ್ದನ್ನು ನಾವು ಮರೆತಿಲ್ಲ.

ನಮ್ಮ ಪತ್ರಿಕಾಲೋಕದ ಬಗ್ಗೆಯೂ ಎರಡು ಮಾತು ಹೇಳದಿದ್ದರೆ ಈ ವಿಮರ್ಶೆ ಏಕಪಕ್ಷೀಯವಾದೀತು. ಎಂಡೋಸಲ್ಫಾನ್ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಊದಿದ ತಲೆಯ ಮಗುವಿನ ಚಿತ್ರ. ಆ ಚಿತ್ರಗಳು ಇಲ್ಲದಿದ್ದರೆ ದಿಲ್ಲಿ ಅಲುಗಾಡುತ್ತಿರಲಿಲ್ಲ ಎನ್ನುವುದು ನಿಜ. ಆದರೆ ಕ್ಯಾಮೆರಾ ಹಿಡಿದು ಮನೆಯಿಂದ ಮನೆಗೆ ಹೋದವರಿಗೆ ಬೇಕಾದದ್ದು ಅತಿ ವಿಕಾರವಾದ ದೇಹ. ಚರ್ಮದ ತುರಿಕೆ, ಕಲಿಕೆಯ ಮಂದಗತಿ, ಹತ್ತು ವರ್ಷದಿಂದ ಮಗನ ಹಾಸಿಗೆಯ ಪಕ್ಕ ಬಿಟ್ಟು ಕದಲದ ತಾಯಿಯ ಬೆನ್ನುನೋವು, ಇವು ಫೋಟೋದಲ್ಲಿ ಬರುವುದಿಲ್ಲ. ಪಟ್ಟಿಯಲ್ಲಿಯೂ ಬರುವುದಿಲ್ಲ. ಎಷ್ಟೋ ಮನೆಯವರು ಮುಂದೆ ಬಾಗಿಲು ಹಾಕಿಕೊಂಡರು. ಆ ಊರಿನ ಹುಡುಗಿಯರಿಗೆ ಸಂಬಂಧ ಕೂಡಿಬರುವುದು ಕಷ್ಟವಾಯಿತು ಎಂಬ ಮಾತನ್ನು ಅಲ್ಲಿಯವರು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಕಥೆಗಾರ ಅಂಬಿಕಾಸುತನ್ ಮಾಙಾಡ್ 2009ರಲ್ಲಿ ‘ಎಣ್ಮಕಜೆ’ ಹೆಸರಿನಲ್ಲೇ ಮಲಯಾಳ ಕಾದಂಬರಿ ಬರೆದರು. ಕನ್ನಡ, ತುಳು ಮಾತಾಡುವ ಊರಿನ ದುಃಖ ಮಲಯಾಳದಲ್ಲಿ ಕಾದಂಬರಿಯಾಯಿತು ಎನ್ನುವಾಗ ಕನ್ನಡ ಓದುಗರಾದ ನಮಗೆ ಕೃತಜ್ಞತೆಯೂ ಆಗುತ್ತದೆ, ಸ್ವಲ್ಪ ಸಂಕೋಚವೂ ಆಗುತ್ತದೆ.

ಇಷ್ಟು ಹೇಳಿ ಹಳೆಯದ್ದೆಲ್ಲ ಒಳ್ಳೆಯದು, ಯಂತ್ರವೆಲ್ಲ ಕೆಟ್ಟದು ಎಂಬ ಗುಂಪಿಗೆ ಸೇರಲು ನಾವು ಸಿದ್ಧರಿಲ್ಲ. ಅಡಿಕೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಮಳೆಯಲ್ಲಿ ಜಾರುವ ಮರ ಏರಿ ಮದ್ದು ಬಿಡುವ ಕೆಲಸಕ್ಕೆ ಈಗಿನ ಹುಡುಗರು ಬರುವುದಿಲ್ಲ, ಬರಬೇಕೆಂದು ಹೇಳುವ ಅಧಿಕಾರ ಮರ ಏರದ ನಮಗಿಲ್ಲ. ಇತ್ತೀಚೆಗೆ ಕಾರ್ಬನ್ ಫೈಬರಿನ ಹಗುರ ದೋಟಿ ಬಂದಿದೆ. ನೆಲದಲ್ಲಿ ನಿಂತು ಎಪ್ಪತ್ತು ಅಡಿ ಎತ್ತರದ ಗೊನೆಗೆ ಬೋರ್ಡೋ ಸಿಂಪಡಿಸಬಹುದು. ಇದು ಕೂಡಾ ತಂತ್ರಜ್ಞಾನವೇ. ಮನುಷ್ಯ ಮರದಿಂದ ಬೀಳುವುದು ತಪ್ಪಿತು, ಸಿಂಪಡಿಸುವವನೂ ಸಿಂಪಡಿಸಿದ್ದು ಬೀಳುವ ಜಾಗವೂ ಒಂದೇ ಕಣ್ಣಳತೆಯಲ್ಲಿ ಉಳಿಯಿತು. ಗಾಳಿ ತಿರುಗಿದರೆ ಮೊದಲು ಮುಖ ಒರೆಸಿಕೊಳ್ಳಬೇಕಾದವನು ಅವನೇ. ಹಾಗಾಗಿ ಅವನು ಗಾಳಿ ನೋಡುತ್ತಾನೆ. ಹೆಲಿಕಾಪ್ಟರಿನ ಪೈಲಟ್ ಸಂಜೆ ಪಡ್ರೆಯ ನೀರು ಕುಡಿಯುವವನಲ್ಲ.

ಈಗ ಡ್ರೋನ್ ಬರುತ್ತಿದೆ. ಮಹಿಳಾ ಸ್ವಸಹಾಯ ಸಂಘಗಳಿಗೆ 15,000 ಡ್ರೋನ್ ಕೊಡುವ, 1,261 ಕೋಟಿ ರೂಪಾಯಿಯ ‘ಡ್ರೋನ್ ದೀದಿ’ ಯೋಜನೆಗೆ ಕೇಂದ್ರ ಸಂಪುಟ 2023ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅಡಿಕೆ ತೋಟಗಳಲ್ಲೂ ಪ್ರಾತ್ಯಕ್ಷಿಕೆಗಳು ನಡೆದಿವೆ. ಹಳ್ಳಿಯ ಹೆಣ್ಣುಮಗಳೊಬ್ಬಳು ರಿಮೋಟ್ ಹಿಡಿದು ನಿಂತ ಚಿತ್ರ ನೋಡಿ ನಮಗೂ ಸಂತೋಷವಾಯಿತು. ಬೆನ್ನಿಗೆ ಟ್ಯಾಂಕ್ ಹೊತ್ತು ಇಡೀ ಮೈಗೆ ಬಳಿದುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಪ್ರಶ್ನೆ ಇರುವುದು ಟ್ಯಾಂಕಿನ ಒಳಗಿನದ್ದರ ಬಗ್ಗೆ. 2020ರಲ್ಲಿ ಕೇಂದ್ರ ಸರಕಾರವೇ 27 ಕೀಟನಾಶಕಗಳನ್ನು ನಿಷೇಧಿಸಲು ಕರಡು ಹೊರಡಿಸಿತ್ತು. 2023ರಲ್ಲಿ ಅಂತಿಮ ಆದೇಶ ಬಂದಾಗ ಬೆರಳೆಣಿಕೆಯಷ್ಟರ ಮೇಲೆ ಮಾತ್ರ ನಿಷೇಧ ಉಳಿಯಿತು. ಹೆಲಿಕಾಪ್ಟರನ್ನು ತರಲು ನಿಗಮ ಬೇಕಾಗಿತ್ತು, ಗುಡ್ಡ ಬೇಕಾಗಿತ್ತು, ಬಜೆಟ್ ಬೇಕಾಗಿತ್ತು. ಡ್ರೋನಿಗೆ ಒಂದು ಎಕರೆ ಸಾಕು. ನಾಳೆ ನಮ್ಮ ತೋಟದ ಮೇಲೆ ಹಾರಿ ಪಕ್ಕದ ಮನೆಯ ತೊಟ್ಟಿಗೆ ಬಿದ್ದರೆ ದೂರು ಕೊಡಲು ಯಾವ ನಿಗಮವೂ ಇರುವುದಿಲ್ಲ, ನಾವೇ ಇರುತ್ತೇವೆ. ಪ್ರಾತ್ಯಕ್ಷಿಕೆಯ ಆಮಂತ್ರಣ ಪತ್ರಿಕೆಯೊಂದು ನಮಗೂ ಬಂದಿತ್ತು. ‘ಡ್ರೋನ್ ಮೂಲಕ ಔಷಧಿ ಸಿಂಪಡಣೆ’ ಎಂದು ಅಚ್ಚಾಗಿತ್ತು.

ಹೆಲಿಕಾಪ್ಟರ್ ನಿಂತ ಮೇಲೂ ಕಾಸರಗೋಡಿನ ಗೇರು ಹೂ ಬಿಡುತ್ತಲೇ ಇದೆ. ಉಳಿದುಹೋದದ್ದು ಬಳಸದೆ ಬಾಕಿಯಾದ ಎಂಡೋಸಲ್ಫಾನ್. ನಿಗಮದ ಗೋದಾಮುಗಳಲ್ಲಿ ತುಕ್ಕು ಹಿಡಿದು ಸೋರತೊಡಗಿದ ಬ್ಯಾರೆಲ್‌ಗಳಿಂದ ಅದನ್ನು 2012ರಲ್ಲಿ, ಮುಖವಾಡ ಕೈಗವಸು ತೊಟ್ಟ ತಜ್ಞರ ತಂಡ ಹೊಸ ಡ್ರಮ್ಮುಗಳಿಗೆ ವರ್ಗಾಯಿಸಿತು. ಒಂದಷ್ಟನ್ನು ಹಿಂದೆಯೇ ಕರ್ನಾಟಕದ ಗಡಿಗೆ ತಾಗಿದ ಮಿಂಚಿನಪದವಿನ ಪಾಳು ಬಾವಿಯೊಂದಕ್ಕೆ ಸುರಿದು ಮುಚ್ಚಲಾಗಿದೆ ಎಂಬ ದೂರು ಆಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು ಮಣ್ಣು, ನೀರು ತುಂಬಿಸಿಕೊಂಡು ಹೋದರು. ಆ ಪದವಿನ ಮೇಲೆ ಬಿದ್ದ ಮಳೆ ಒಂದು ಮಗ್ಗುಲಲ್ಲಿ ಕೇರಳಕ್ಕೆ, ಇನ್ನೊಂದು ಮಗ್ಗುಲಲ್ಲಿ ನಮ್ಮ ಪುತ್ತೂರಿನ ಕಡೆಗೆ ಇಳಿಯುತ್ತದೆ.